ಮನೆಯ ಸಿಹಿನೀರಿನ ಅಕ್ವೇರಿಯಂ

ಸಿಹಿನೀರಿನ ಅಕ್ವೇರಿಯಂ: ಕೆರೆ, ಹೊಳೆ, ತೊರೆಗಳ ಮೀನುಗಳನ್ನೂ ಜಲಸಸ್ಯಗಳನ್ನೂ ಮನೆಯೊಳಗೆ ಸಾಕಲು ಅಣಿಗೊಳಿಸಿದ ಗಾಜಿನ ತೊಟ್ಟಿ. ಸಮುದ್ರದ ಮೀನು ಸಾಕುವುದಕ್ಕಿಂತ ಇದಕ್ಕೆ ಖರ್ಚೂ ಉಪಕರಣಗಳೂ ಕಡಿಮೆ ಸಾಕು. ಹಾಗಾಗಿ ಹೊಸಬರು ಸಾಮಾನ್ಯವಾಗಿ ಇಲ್ಲಿಂದಲೇ ತೊಡಗುತ್ತಾರೆ. ಹೊಸ ತೊಟ್ಟಿಗೆ ಬಿಟ್ಟ ಮೀನುಗಳು ಮೊದಲ ಕೆಲವು ವಾರಗಳಲ್ಲೇ ಸಾಯುವುದು ಬಹಳ ಮನೆಗಳಲ್ಲಿ ಕಾಣುವ ಸಂಗತಿ. ಮೀನಿಗೆ ಮೊದಲೇ ರೋಗವಿತ್ತು ಎಂದು ಅಂಗಡಿಯವರನ್ನು ದೂರುವವರಿದ್ದಾರೆ, ಆದರೆ ಕಾರಣ ಬಹುಮಟ್ಟಿಗೆ ನೀರಿನಲ್ಲೇ ಇರುತ್ತದೆ. ಮೀನು ಬರುವ ಹೊತ್ತಿಗೆ ನೀರು ಇನ್ನೂ ಹದಕ್ಕೆ ಬಂದಿರುವುದಿಲ್ಲ.

ತೊಟ್ಟಿಯ ನೀರನ್ನು ಪದೇಪದೇ ಬದಲಿಸದೆ ಮೀನು ಬದುಕಿಸುವ ಪ್ರಯೋಗವನ್ನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದರು. ಅವರ ಪಾತ್ರೆಯಲ್ಲಿದ್ದದ್ದು ಎರಡು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯಾ ಗಿಡ. ಉದುರಿದ ಎಲೆ ಕೊಳೆತು ನೀರು ಕೆಡತೊಡಗಿದಾಗ ಅದನ್ನು ತಿಂದು ಮುಗಿಸಲು ಬಸವನಹುಳುಗಳನ್ನೂ ಸೇರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಈ ಹವ್ಯಾಸವನ್ನು ಇಂಗ್ಲೆಂಡಿನ ಮನೆಮನೆಗೆ ಒಯ್ದಿತು. ಇನ್ನು ನಮ್ಮಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ.

ವಾರಿಂಗ್ಟನ್ ಗಿಡಗಳು ಕೊಡುವ ಆಮ್ಲಜನಕವನ್ನು ಗಮನಿಸಿದ್ದರು. ಅದೇ ತೊಟ್ಟಿಯಲ್ಲಿ ಕಣ್ಣಿಗೆ ಬೀಳದ ಬ್ಯಾಕ್ಟೀರಿಯಾಗಳೂ ಕೆಲಸ ಮಾಡುತ್ತಿರುತ್ತವೆ. ಮೀನು ತನ್ನ ದೇಹದ ತ್ಯಾಜ್ಯವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾವೇ ಹುಟ್ಟುತ್ತದೆ. ಅದು ಕಿವಿರುಗಳನ್ನು ಸುಡುವ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತ ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ, ಕೆಂಪಗಿರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ, ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಾ ಏದುಸಿರು ಬಿಡುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಅಪಾಯ ಬಹಳ ಕಡಿಮೆ. ಗಿಡಗಳು ಒಂದಷ್ಟನ್ನು ಹೀರಿಕೊಳ್ಳುತ್ತವೆ, ಉಳಿದದ್ದು ನೀರು ಬದಲಿಸುವಾಗ ಹೊರಹೋಗುತ್ತದೆ.

ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ಕಲ್ಲು, ಗಾಜುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟೂ ದಿನ ಫಿಲ್ಟರು ಓಡುತ್ತಿರಬೇಕು, ತೊಟ್ಟಿಯಲ್ಲಿ ಮೀನು ಇರಬಾರದು. ಬ್ಯಾಕ್ಟೀರಿಯಾಗಳಿಗೆ ಅಮೋನಿಯಾ ಸಿಗಲೆಂದು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಲು ಬಿಡುವುದು ಸುಲಭದ ದಾರಿ. ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಬಳಸಿದ ಸ್ಪಂಜಿನ ತುಂಡೊಂದನ್ನು ತಂದು ಹಾಕಿದರೆ ಈ ಅವಧಿ ಕಡಿಮೆಯಾಗುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಕಂಡರೆ ತೊಟ್ಟಿ ಸಿದ್ಧವಾಗಿದೆ ಎಂದರ್ಥ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಮೀನು ತರುವುದು ತಪ್ಪು, ಅಮೋನಿಯಾಗೆ ಬಣ್ಣವಿಲ್ಲ.

ಹೊಸಬರಿಗೆ ಚಿಕ್ಕ ತೊಟ್ಟಿ ಸುಲಭ ಎಂಬ ನಂಬಿಕೆ ಸರಿಯಲ್ಲ. ನೀರು ಕಡಿಮೆಯಿದ್ದಷ್ಟೂ ವಿಷ ಬೇಗ ಏರುತ್ತದೆ, ಬಿಸಿಯೂ ಬೇಗ ಏರಿಳಿಯುತ್ತದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಒಳ್ಳೆಯ ಆರಂಭ. ಅದರಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಗಾಜು, ಕಲ್ಲು ಸೇರಿ ತೂಕ 70 ಕಿಲೋ ಸಮೀಪಿಸುತ್ತದೆ. ಆದ್ದರಿಂದ ಸ್ಟ್ಯಾಂಡ್ ಗಟ್ಟಿಯಾಗಿರಬೇಕು, ತೊಟ್ಟಿಯ ತಳಕ್ಕೆ ಥರ್ಮೋಕೋಲ್ ಹಾಳೆ ಹಾಸಬೇಕು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿ ಕಟ್ಟುತ್ತದೆ. ತಳಕ್ಕೆ ಹಾಕುವ ಸಣ್ಣ ಜಲ್ಲಿಯನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ. ಅದು ನೀರಿನ ಗಡಸುತನ ಹೆಚ್ಚಿಸುತ್ತದೆ.

ಈ ಗಾತ್ರದ ತೊಟ್ಟಿಗೆ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಕೊಳವೆಗೆ ಹಿಮ್ಮುಖ ತಡೆಯುವ ವಾಲ್ವ್ ಜೋಡಿಸಬೇಕು. ಹಾಗೆ ಮಾಡದಿದ್ದರೆ ಕರೆಂಟ್ ಹೋದಾಗ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ, ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ಕರೆಂಟು ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳುವುದು ಅಗತ್ಯ. ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಆಮ್ಲಜನಕವಿಲ್ಲದೆ ಉಳಿಯವು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತೆ ಬಿಟ್ಟರೆ ಅದರ ಮೇಲೆ ಹರಿದು ಬಂದ ಹನಿ ಸ್ವಿಚ್ ಬೋರ್ಡಿಗೆ ತಲುಪದೆ ಕೆಳಗೆ ಬೀಳುತ್ತದೆ.

ನಲ್ಲಿ ನೀರಿನ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಮಾರಕ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಸೋಡಿಯಂ ಥಯೋಸಲ್ಫೇಟ್ ಇರುವ ಆ್ಯಂಟಿ ಕ್ಲೋರಿನ್ ಹನಿಗಳು ತಕ್ಷಣವೇ ಕೆಲಸ ಮಾಡುತ್ತವೆ. ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರದು, ಆದರೆ ಅದು ಗಡಸಾಗಿರುವುದೇ ಹೆಚ್ಚು. ಅಂಥ ನೀರನ್ನು ಬದಲಿಸಲು ಹೆಣಗುವ ಬದಲು ಅದಕ್ಕೆ ಒಗ್ಗುವ ಗಪ್ಪಿ, ಮೋಲಿ, ಪ್ಲಾಟಿಗಳನ್ನು ಸಾಕುವುದು ಜಾಣತನ. ಕುಡಿಯುವ ಆರ್‌ಒ ನೀರಿನಲ್ಲಿ ಖನಿಜಗಳು ತೀರ ಕಡಿಮೆ, ಅದನ್ನೇ ತುಂಬಬಾರದು.

ಭಾರತದ ತೊರೆ ಮತ್ತು ಗದ್ದೆನೀರಿನದೇ ಆದ ಜೀಬ್ರಾ ಮೀನು ಚುರುಕಿನದು, ಗಟ್ಟಿಮುಟ್ಟು, ಆರಾದರೂ ಒಟ್ಟಿಗಿರಬೇಕು. ಫೈಟರ್ ಮೀನಿನ ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಕಾದಾಡುತ್ತವೆ. ಗೋಲ್ಡ್‌ಫಿಶ್ಶನ್ನು ಗಾಜಿನ ಬೋಗುಣಿಯಲ್ಲಿಡುವ ರೂಢಿ ಮಾತ್ರ ನಿಲ್ಲಲೇಬೇಕು. ಅದು 20 ಸೆಂ.ಮೀ. ಮೀರಿ ಬೆಳೆಯಬಲ್ಲ, ಹತ್ತಾರು ವರ್ಷ ಬದುಕಬಲ್ಲ, ವಿಪರೀತ ತ್ಯಾಜ್ಯ ಬಿಡುವ ಮೀನು. ಬೋಗುಣಿಯಲ್ಲಿ ತನ್ನದೇ ಅಮೋನಿಯಾದಲ್ಲಿ ನರಳಿ ಸಾಯುತ್ತದೆ. ಪಶ್ಚಿಮ ಘಟ್ಟದ ಮಿಸ್ ಕೇರಳ ಮೀನು ಅಂಗಡಿಗಳಲ್ಲಿ ಸಿಗುತ್ತದೆ. ಅದು ಅಳಿವಿನಂಚಿನ ಪ್ರಭೇದಗಳ ಪಟ್ಟಿಯಲ್ಲಿದೆ, ದೊಡ್ಡ ತೊಟ್ಟಿಯನ್ನೂ ಹರಿಯುವ ನೀರನ್ನೂ ಬೇಡುತ್ತದೆ; ಹೊಸಬರ ಕೈಗೆ ಹೋಗಬೇಕಾದದ್ದಲ್ಲ.

ತಂದ ಮೀನಿನ ಚೀಲವನ್ನು ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಲು ಬಿಟ್ಟು, ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡಬೇಕು. ಚೀಲದ ನೀರನ್ನು ಚೆಲ್ಲಬೇಕು. ಮೊದಲಿಗೆ ನಾಲ್ಕೈದು ಮೀನು ಸಾಕು. ಉಳಿದವು ಎರಡು ವಾರದ ಮೇಲೆ ಬರಲಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ದಿನಕ್ಕೆ ಒಂದೆರಡು ಸಲ ಹಾಕಬೇಕು. ಮಕ್ಕಳು ಪ್ರೀತಿಯಿಂದ ಹಾಕುವ ಹೆಚ್ಚುವರಿ ಹಿಡಿಗಳೇ ಎಷ್ಟೋ ತೊಟ್ಟಿಗಳನ್ನು ಕೆಡಿಸಿವೆ.

ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರನ್ನು ಕೊಳವೆಯಿಂದ ಹೀರಿ ತೆಗೆದು ಹೊಸದನ್ನು ತುಂಬಿದರೆ ಸಾಕು. ಸ್ಪಂಜನ್ನು ಹಾಗೆ ತೆಗೆದ ನೀರಿನಲ್ಲೇ ಹಿಂಡಬೇಕು. ನಲ್ಲಿಯಡಿ ತೊಳೆದರೆ ಕ್ಲೋರಿನ್ ತಗುಲಿ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಸೋಪು ಹಾಕಿ ಉಜ್ಜುವ ವಾಡಿಕೆಯಂತೂ ಮೀನುಗಳನ್ನು ಮತ್ತೆ ಮೊದಲ ದಿನದ ಹಸಿ ನೀರಿಗೆ ತಳ್ಳುತ್ತದೆ. ಬೆಳಕು ದಿನಕ್ಕೆ 6ರಿಂದ 8 ಗಂಟೆ ಇರಲಿ. ಜಾವಾ ಫರ್ನ್, ಅನೂಬಿಯಾಸ್ ಗಿಡಗಳನ್ನು ಜಲ್ಲಿಯಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ಕಟ್ಟಬೇಕು. ಅವುಗಳ ಗೆಡ್ಡೆಕಾಂಡ ಹೂತರೆ ಕೊಳೆಯುತ್ತದೆ.

ಬೇಡವಾದ ಮೀನನ್ನು ಊರ ಕೆರೆಗೆ ಬಿಡುವುದು ಉಪಕಾರವಲ್ಲ. ಗಾಜಿನ ಪಾಚಿ ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕದ ಸಕರ್ ಮೀನು ಹೀಗೆ ಹೊರಬಿದ್ದು ಪಶ್ಚಿಮ ಬಂಗಾಳ, ಆಂಧ್ರಪ್ರದೇಶ, ತಮಿಳುನಾಡು, ಕೇರಳಗಳ ನೀರಿನಲ್ಲಿ ನೆಲೆಯೂರಿದೆ. ಅದರ ಒರಟು ಮುಳ್ಳುಕವಚ ಬೆಸ್ತರ ಬಲೆಗಳನ್ನು ಹರಿಯುತ್ತದೆ. ತಿನ್ನಲು ಕೊಳ್ಳುವವರಿಲ್ಲದ ಕಾರಣ ಹಿಡಿದರೂ ಲಾಭವಿಲ್ಲ. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಬೇಕು, ಇಲ್ಲವೇ ಬೇರೆ ಹವ್ಯಾಸಿಗಳಿಗೆ ಕೊಡಬೇಕು.