ಯಾವ ಬೆಟ್ಟದ ಓಟ ಹೆಚ್ಚು ಕಷ್ಟ? ಒಂದು ಹಳೇ ಸೂತ್ರ ಮತ್ತು ಅದು ಹೇಳದ 20 ನಿಮಿಷ

2024ರ ಮಾರ್ಚ್‌ನಲ್ಲಿ ಆ ಫೋಟೊ ನಿಮ್ಮ ಫೋನಿಗೂ ಬಂದಿರಬಹುದು. ಅಮೆರಿಕದ ಟೆನೆಸಿಯ ಕಾಡಿನಲ್ಲಿ ಒಬ್ಬ ಮಹಿಳೆ ಓಡಿ ಬಂದು, ಹಳದಿ ಬಣ್ಣದ ಗೇಟ್ ಮುಟ್ಟಿ, ಅಲ್ಲೇ ನೆಲಕ್ಕೆ ಕುಸಿದಿದ್ದರು. ಬಾರ್ಕ್ಲಿ ಮ್ಯಾರಥಾನ್ಸ್ ಅನ್ನೋ ಓಟ ಅದು. ಗಡುವು 60 ಗಂಟೆ. ಅವರು ಮುಗಿಸಿದಾಗ ಉಳಿದಿದ್ದು 99 ಸೆಕೆಂಡ್. ಆ ಓಟವನ್ನು ಪೂರ್ತಿ ಮಾಡಿದ ಮೊದಲ ಮಹಿಳೆ ಅವರು, ಹೆಸರು ಜಾಸ್ಮಿನ್ ಪ್ಯಾರಿಸ್. ಫೋಟೊದ ಕೆಳಗೆ ಎಲ್ಲ ಕಡೆ ಒಂದೇ ಸಾಲು: 'ಜಗತ್ತಿನ ಅತಿ ಕಷ್ಟದ ಓಟ'.

ಈ 'ಅತಿ ಕಷ್ಟ' ಅನ್ನೋದನ್ನು ಅಳೆಯೋದು ಹೇಗೆ? ಕಿಲೋಮೀಟರ್ ಎಣಿಸಬೇಕಾ, ಏರು ಎಣಿಸಬೇಕಾ? ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದಿನಿಂದ ತಲೆಗೆ ಹಚ್ಚಿಕೊಂಡವರು ಬ್ರಿಟನ್ನಿನ ಫೆಲ್ ಓಟಗಾರರು. ಪ್ಯಾರಿಸ್ ಪಳಗಿದ್ದೂ ಅವರ ನಡುವೆಯೇ. ಅದಕ್ಕೆ ಇವತ್ತು ಬಾರ್ಕ್ಲಿಯನ್ನು ಪಕ್ಕಕ್ಕಿಟ್ಟು ಆ ಬೆಟ್ಟಗಳಿಗೇ ಹೋಗೋಣ.

ಮೊದಲು, ಫೆಲ್ ಅಂದ್ರೆ ಏನು? ಉತ್ತರ ಇಂಗ್ಲೆಂಡಿನಲ್ಲಿ ಬೆಟ್ಟಕ್ಕೆ ಹಾಗಂತಾರೆ, ಹಳೇ ನಾರ್ಸ್ ಭಾಷೆಯಿಂದ ಬಂದ ಪದ. ಮರ ಕಡಿಮೆ, ಹುಲ್ಲು, ಬಂಡೆ, ಜೌಗು, ಮೇಯೋ ಕುರಿಗಳು. ಎತ್ತರ ಕೇಳಿದ್ರೆ ನಗು ಬರಬಹುದು. ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್, ಅಂದ್ರೆ ಬೆಂಗಳೂರಿಗಿಂತ ಒಂಚೂರು ಮೇಲೆ ಅಷ್ಟೇ. ಆದ್ರೆ ಬೆಂಗಳೂರು ಇರೋದು ಪ್ರಸ್ಥಭೂಮಿ ಮೇಲೆ. ಅಲ್ಲಿ ಹೆಚ್ಚುಕಡಿಮೆ ಸಮುದ್ರಮಟ್ಟದ ಕಣಿವೆಯಿಂದ ಹತ್ತಬೇಕು, ಇಳೀಬೇಕು, ಪಕ್ಕದ್ದನ್ನು ಮತ್ತೆ ಬುಡದಿಂದ ಹತ್ತಬೇಕು. ದಾರಿಗೆ ರಿಬ್ಬನ್ ಕಟ್ಟಿರೋದಿಲ್ಲ. ಇಂತಿಂಥ ಜಾಗ ಮುಟ್ಟಿ ಬನ್ನಿ ಅಂತಾರೆ, ನಡುವೆ ಹೇಗೆ ಹೋಗೋದು ಅನ್ನೋದು ನಿಮ್ಮ ತಲೆನೋವು. ಅದಕ್ಕೇ ಉದ್ದದ ಓಟಗಳಲ್ಲಿ ನಕ್ಷೆ, ದಿಕ್ಸೂಚಿ, ಸೀಟಿ, ಮಳೆಕೋಟು ಜೊತೆಯಲ್ಲಿ ಇರಲೇಬೇಕು.

ಈಗ ಆ ಸೂತ್ರ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಪರ್ವತಾರೋಹಿ ನಡೆಯುವವರಿಗಾಗಿ ಒಂದು ಸರಳ ಲೆಕ್ಕ ಕೊಟ್ಟರು. ಪ್ರತಿ 3 ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಇದನ್ನು ತಿರುಗಿಸಿ ನೋಡಿದ್ರೆ, ಒಂದು ಮೀಟರ್ ಮೇಲಕ್ಕೆ ಹತ್ತೋದು ಸಮತಟ್ಟಿನಲ್ಲಿ ಸುಮಾರು 8 ಮೀಟರ್ ಹೋದ ಹಾಗೆ. ಇದೊಂದಿದ್ರೆ ಯಾವ ಓಟವನ್ನು ಯಾವುದಕ್ಕೆ ಬೇಕಾದ್ರೂ ಹೋಲಿಸಬಹುದು ಅನ್ನಿಸುತ್ತೆ. ಫೆಲ್ ರನ್ನರ್ಸ್ ಅಸೋಸಿಯೇಷನ್ ಶುರುವಾಗಿದ್ದು 1970ರಲ್ಲಿ. ಅದು ಓಟಗಳಿಗೆ ಅಕ್ಷರ ಕೊಡೋದೂ ಹೆಚ್ಚುಕಡಿಮೆ ಇದೇ ಯೋಚನೆ ಮೇಲೆ. ಕಿಲೋಮೀಟರಿಗೆ ಕನಿಷ್ಠ 50 ಮೀಟರ್ ಏರಿದ್ರೆ 'ಎ', 25 ಇದ್ರೆ 'ಬಿ'. 20 ಕಿಲೋಮೀಟರ್ ದಾಟಿದ್ರೆ ಪಕ್ಕದಲ್ಲಿ 'ಎಲ್'. ಹಾಗಾಗಿ ಕ್ಯಾಲೆಂಡರಿನಲ್ಲಿ 'ಎಎಲ್' ಅಂತ ಕಂಡ್ರೆ ಓಟಗಾರರಿಗೆ ತಕ್ಷಣ ಅರ್ಥ ಆಗುತ್ತೆ, ಇದು ಹುಡುಗಾಟ ಅಲ್ಲ ಅಂತ.

ಸೂತ್ರ ಕೆಲಸ ಮಾಡುತ್ತಾ? ನಾನೇ ಲೆಕ್ಕ ಹಾಕಿ ನೋಡಿದೆ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಎನ್ನರ್‌ಡೇಲ್, ವಾಸ್‌ಡೇಲ್ ಅಂತ ಎರಡು ಅಕ್ಕಪಕ್ಕದ ಕಣಿವೆಗಳಿವೆ, ಎರಡಕ್ಕೂ ಒಂದೊಂದು ಹೆಸರುವಾಸಿ ಓಟ. ಎನ್ನರ್‌ಡೇಲ್‌ನದು 23 ಮೈಲಿ, 7,500 ಅಡಿ ಏರು. ಸಮತಟ್ಟಿಗೆ ಇಳಿಸಿದ್ರೆ ಸುಮಾರು 55 ಕಿಲೋಮೀಟರ್. ವಾಸ್‌ಡೇಲ್‌ನದು 21 ಮೈಲಿ, 9,000 ಅಡಿ. ಅದು 56 ಕಿಲೋಮೀಟರ್. ಎನ್ನರ್‌ಡೇಲ್‌ನಲ್ಲಿ ಕೆನ್ನಿ ಸ್ಟುವರ್ಟ್ 1985ರಲ್ಲಿ ಮಾಡಿದ ಸಮಯ 3 ಗಂಟೆ 20 ನಿಮಿಷ 57 ಸೆಕೆಂಡ್. ವಾಸ್‌ಡೇಲ್‌ನಲ್ಲಿ ಬಿಲ್ಲಿ ಬ್ಲಾಂಡ್ 1982ರಲ್ಲಿ ಮಾಡಿದ್ದು 3 ಗಂಟೆ 25 ನಿಮಿಷ 21 ಸೆಕೆಂಡ್. ಇಬ್ಬರೂ ಆ ಕಾಲದ ದೈತ್ಯರು. ಎಷ್ಟು ಹತ್ತಿರ ನೋಡಿ! ನೈಸ್ಮಿತ್‌ಗೆ ಒಂದು ಸಲಾಂ ಹೊಡೆಯೋಣ ಅನ್ನಿಸಿತು.

ಆದ್ರೆ ಸ್ವಲ್ಪ ಆಚೆ ಯಾರ್ಕ್‌ಷೈರ್‌ಗೆ ಹೋದ ತಕ್ಷಣ ಲೆಕ್ಕ ಕೈಕೊಡುತ್ತೆ. ಅಲ್ಲಿ ತ್ರೀ ಪೀಕ್ಸ್ ಅನ್ನೋ ಓಟ 1954ರಿಂದ ನಡೀತಿದೆ. ಮೊದಲ ವರ್ಷ ಹೊರಟವರು 6 ಜನ, ಮುಗಿಸಿದವರು 3. ಈಗಿನ ದಾರಿ 37 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು, ಏರು ಸುಮಾರು 1,600 ಮೀಟರ್. ಸೂತ್ರದ ಪ್ರಕಾರ 50 ಕಿಲೋಮೀಟರ್. 1996ರಲ್ಲಿ ಆಂಡಿ ಪೀಸ್ ಇದನ್ನು 2 ಗಂಟೆ 46 ನಿಮಿಷದಲ್ಲಿ ಓಡಿದರು. ಅದೇ ವೇಗ ಹಿಡಿದ್ರೆ ವಾಸ್‌ಡೇಲ್‌ನ 56 ಕಿಲೋಮೀಟರ್ 3 ಗಂಟೆ 5 ನಿಮಿಷಕ್ಕೆ ಮುಗೀಬೇಕು. ಬಿಲ್ಲಿ ಬ್ಲಾಂಡ್ ಅವರಂಥ ಬ್ಲಾಂಡ್‌ಗೇ ಹಿಡಿದದ್ದು ಅದಕ್ಕಿಂತ 20 ನಿಮಿಷ ಜಾಸ್ತಿ.

ಆ 20 ನಿಮಿಷ ಎಲ್ಲಿ ಹೋಯ್ತು? ನನ್ನ ಉತ್ತರ: ಇಳಿಜಾರಿನಲ್ಲಿ. ನೈಸ್ಮಿತ್ ಏರಿಗೆ ಬೆಲೆ ಕಟ್ಟಿದರು, ಇಳಿಯೋದನ್ನು ಪುಕ್ಕಟೆ ಬಿಟ್ಟರು. ತ್ರೀ ಪೀಕ್ಸ್‌ನಲ್ಲಿ ಬಹುಪಾಲು ಹಾದಿ ಇದೆ, ಕಾಲು ಬಿಟ್ಟು ಓಡಬಹುದು. ವಾಸ್‌ಡೇಲ್‌ನಲ್ಲಿ ಗ್ರೇಟ್ ಗೇಬಲ್, ಸ್ಕಾಫೆಲ್ ಪೈಕ್ ಮೇಲೆಲ್ಲ ಸಡಿಲ ಬಂಡೆಗಳು. ಒದ್ದೆಯಾದ್ರೆ ಸೋಪಿನ ಹಾಗೆ ಜಾರುತ್ತೆ. ಅಲ್ಲಿ ಇಳಿಯೋದು ಹತ್ತೋದಕ್ಕಿಂತ ಅಪಾಯ, ತೊಡೆಗಳಿಗಂತೂ ಕೊಲೆ. ಮಂಜು ಕವಿದ್ರೆ ಶಿಖರದಿಂದ ತಪ್ಪು ಕಡೆ ಇಳಿದು ಬೇರೆಯದೇ ಕಣಿವೆ ಸೇರಬಹುದು, ವಾಪಸ್ ಬರೋಕೆ ಮತ್ತೊಂದು ಬೆಟ್ಟ. ಯಾವ ಅಕ್ಷರವೂ ಇದನ್ನು ಹೇಳೋದಿಲ್ಲ. ಮೊದಲ ಸಲ ಓಡೋ ಹುಡುಗನೊಬ್ಬ ಬರೀ ಅಂಕಿ ನೋಡಿ, ಎರಡೂ ಹೆಚ್ಚುಕಡಿಮೆ ಒಂದೇ ಅಂದ್ಕೊಂಡು ಹೆಸರು ಕೊಟ್ಟುಬಿಟ್ಟರೆ ಪರದಾಟ ಗ್ಯಾರಂಟಿ.

ಇನ್ನು ದೊಡ್ಡವಕ್ಕೆ ಬರೋಣ. 1932ರ ಜೂನ್ 13–14. ಲೇಕ್ ಡಿಸ್ಟ್ರಿಕ್ಟ್‌ನ ಕೆಜಿಕ್ ಪಟ್ಟಣದಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಅನ್ನೋರು ಮೂಟ್ ಹಾಲ್ ಮುಂದಿನಿಂದ ಹೊರಟು, 42 ಬೆಟ್ಟ ಸುತ್ತಿ, 23 ಗಂಟೆ 39 ನಿಮಿಷಕ್ಕೆ ಅಲ್ಲಿಗೇ ವಾಪಸ್ ಬಂದರು. ಸುಮಾರು 66 ಮೈಲಿ, 27,000 ಅಡಿ ಏರು. ಕಾಲಿಗೆ ಟೆನಿಸ್ ಶೂ, ಊಟಕ್ಕೆ ಬ್ರೆಡ್ಡು, ಬೆಂದ ಮೊಟ್ಟೆ, ಹಣ್ಣು ಅಂತ ಹೇಳ್ತಾರೆ. ಮುಂದಿನ 28 ವರ್ಷ ಯಾರಿಂದಲೂ ಇದು ಆಗಲಿಲ್ಲ. 1960ರಲ್ಲಿ ಆಲನ್ ಹೀಟನ್ 22 ಗಂಟೆ 18 ನಿಮಿಷಕ್ಕೆ ಮುಗಿಸಿದ ಮೇಲೆ ಬೀಗ ತೆಗೆದ ಹಾಗಾಯ್ತು. ಈಗ 2,000ಕ್ಕೂ ಹೆಚ್ಚು ಜನ ಮಾಡಿದ್ದಾರೆ. ಬೆಟ್ಟಗಳು ತಗ್ಗಲಿಲ್ಲ, ದೂರ ಕಮ್ಮಿಯಾಗಲಿಲ್ಲ. 'ಆಗುತ್ತೆ' ಅನ್ನೋದು ಗೊತ್ತಾಯ್ತು ಅಷ್ಟೇ. ಇದೂ ಕಷ್ಟದ ಒಂದು ಭಾಗ ಅಲ್ವಾ?

ಇದು ಸ್ಪರ್ಧೆ ಅಲ್ಲ ಅನ್ನೋದು ನೆನಪಿರಲಿ. ಬಹುಮಾನ ಇಲ್ಲ, ಪ್ರವೇಶಪತ್ರ ಇಲ್ಲ. ಪ್ರತಿ ಶಿಖರಕ್ಕೂ ಒಬ್ಬ ಸಾಕ್ಷಿ ಜೊತೆಗಿರಬೇಕು, 24 ಗಂಟೆಯೊಳಗೆ ಮುಗೀಬೇಕು. ಇದರಿಂದ ಒಂದು ಒಳ್ಳೇದಾಯ್ತು. ಉದ್ದದ ಫೆಲ್ ಓಟಗಳಲ್ಲಿ ಹೆಂಗಸರಿಗೆ ಬಾಗಿಲು ಇನ್ನೂ ಸರಿಯಾಗಿ ತೆರೆಯದ ಕಾಲದಲ್ಲಿ, 1977ರಲ್ಲಿ, ಜೀನ್ ಡಾವ್ಸ್ ಈ ಸುತ್ತನ್ನು 23 ಗಂಟೆ 37 ನಿಮಿಷಕ್ಕೆ ಮುಗಿಸಿದರು. ಗ್ರಹಾಂ ಅವರಿಗಿಂತ 2 ನಿಮಿಷ ಬೇಗ.

ಇದೇ ಮಾದರಿಯಲ್ಲಿ ಇನ್ನೆರಡು ಹುಟ್ಟಿಕೊಂಡವು. 1978ರಲ್ಲಿ ಚಾರ್ಲಿ ರಾಮ್ಸೆ ಸ್ಕಾಟ್ಲೆಂಡಿನ ಗ್ಲೆನ್ ನೆವಿಸ್‌ನಿಂದ ಹೊರಟು 23 ಗಂಟೆ 58 ನಿಮಿಷಕ್ಕೆ ತಮ್ಮ ಸುತ್ತು ಮುಗಿಸಿದರು, ಎರಡೇ ನಿಮಿಷ ಬಾಕಿ. ವೇಲ್ಸ್‌ನದು ಪ್ಯಾಡಿ ಬಕ್ಲಿ ರೂಪಿಸಿದ ಸುತ್ತು. ಅದನ್ನು 1982ರಲ್ಲಿ ಮೊದಲು ಪೂರೈಸಿದ್ದು ವೆಂಡಿ ಡಾಡ್ಸ್ ಅನ್ನೋ ಮಹಿಳೆ. ಮೂರರಲ್ಲಿ ಯಾವುದು ಕಷ್ಟ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಸೂತ್ರ ಹಾಕಿದ್ರೆ ಗ್ರಹಾಂ ಸುತ್ತು ಸುಮಾರು 172 ಕಿಲೋಮೀಟರ್, ಬಕ್ಲಿ 166, ರಾಮ್ಸೆ 163. ಅಂದ್ರೆ ಗ್ರಹಾಂ ಅವರದ್ದೇ ಕಷ್ಟ, ರಾಮ್ಸೆ ಸುಲಭ.

ಕೇಸ್ ಕ್ಲೋಸ್ ಅನ್ನೋ ಹಾಗಿಲ್ಲ. ಯಾಕಂದ್ರೆ ಒಬ್ಬರು ಮೂರನ್ನೂ ಒಂದೇ ವರ್ಷದಲ್ಲಿ ಓಡಿದ್ದಾರೆ. ಅದೇ ಜಾಸ್ಮಿನ್ ಪ್ಯಾರಿಸ್, ಬಾರ್ಕ್ಲಿಗೆ 8 ವರ್ಷ ಮೊದಲು. 2016ರ ಏಪ್ರಿಲ್‌ನಲ್ಲಿ ಗ್ರಹಾಂ ಸುತ್ತು: 15 ಗಂಟೆ 24 ನಿಮಿಷ. ಜೂನ್‌ನಲ್ಲಿ ರಾಮ್ಸೆ: 16 ಗಂಟೆ 13 ನಿಮಿಷ. ಅಕ್ಟೋಬರ್‌ನಲ್ಲಿ ಬಕ್ಲಿ: 18 ಗಂಟೆ 33 ನಿಮಿಷ. ಅವೇ ಕಾಲು, ಅದೇ ಎದೆ, ಆದ್ರೆ ಸೂತ್ರ ಹೇಳಿದ್ದರ ಉಲ್ಟಾ.

ಹಾಗಾದ್ರೆ ಬಕ್ಲಿ ಗೆದ್ದಿತಾ? ಅವಸರ ಬೇಡ. ಅಕ್ಟೋಬರ್‌ನಲ್ಲಿ ಅಲ್ಲಿ ಬೆಳಕು ಕಮ್ಮಿ, ತಲೆಗೆ ಟಾರ್ಚ್ ಕಟ್ಕೊಂಡು ಬಂಡೆ ಮೇಲೆ ಓಡೋದು ನಿಧಾನವೇ. ಆ 18 ಗಂಟೆಯಲ್ಲಿ ಕತ್ತಲೆಯ ಪಾಲು ಎಷ್ಟು, ಬೆಟ್ಟದ ಪಾಲು ಎಷ್ಟು ಅಂತ ಬಿಡಿಸೋಕೆ ಆಗಲ್ಲ. ರಾಮ್ಸೆ ವಿಷಯ ಹಾಗಲ್ಲ. ಜೂನ್‌ನಲ್ಲಿ ಸ್ಕಾಟ್ಲೆಂಡಿನಲ್ಲಿ ರಾತ್ರಿ ಅನ್ನೋದೇ ಚಿಕ್ಕದು, ಸೂತ್ರದ ಪ್ರಕಾರ ದೂರವೂ ಕಮ್ಮಿ. ಎಲ್ಲ ಅನುಕೂಲ ಇದ್ದೂ ಏಪ್ರಿಲ್‌ನ ಗ್ರಹಾಂ ಸುತ್ತಿಗಿಂತ 49 ನಿಮಿಷ ಜಾಸ್ತಿ ಹಿಡೀತು. ಜೊತೆಗೆ ಅದು ನಿರ್ಜನ ಪ್ರದೇಶ. ಗ್ರಹಾಂ ಸುತ್ತಿನಲ್ಲಿ ಆಗಾಗ ರಸ್ತೆ ಸಿಗುತ್ತೆ, ಗೆಳೆಯರು ಕಾರಿನಲ್ಲಿ ಟೀ ಹಿಡ್ಕೊಂಡು ನಿಂತಿರ್ತಾರೆ. ರಾಮ್ಸೆಯಲ್ಲಿ ಸಹಾಯಕ್ಕೆ ಬರೋರೂ ಬೆಟ್ಟ ನಡೆದೇ ಬರಬೇಕು, ಸಾಕು ಅನ್ನಿಸಿದ್ರೂ ನಡೆದೇ ಹೊರಬರಬೇಕು. ನನ್ನನ್ನು ಕೇಳಿದ್ರೆ ನನ್ನ ಓಟು ರಾಮ್ಸೆಗೆ. ವೇಲ್ಸ್‌ನವರು ಬೈಯಬಹುದು, ಬೈಯಲಿ.

ಹವಾಮಾನದ್ದು ಒಂದೇ ಉದಾಹರಣೆ. ಪ್ರತಿ ಅಕ್ಟೋಬರ್‌ನಲ್ಲಿ ಇಬ್ಬಿಬ್ಬರ ಜೋಡಿಗಳಿಗೆ ಎರಡು ದಿನದ ಒಂದು ಮೌಂಟನ್ ಮ್ಯಾರಥಾನ್ ಇದೆ, ಶುರುವಾಗಿದ್ದು 1968ರಲ್ಲಿ. 2008ರಲ್ಲಿ ಬಾರೋಡೇಲ್‌ನಲ್ಲಿ ಮಳೆ ಗಾಳಿ ಎಷ್ಟು ಹುಚ್ಚೆದ್ದಿತ್ತು ಅಂದ್ರೆ ಇತಿಹಾಸದಲ್ಲೇ ಮೊದಲ ಸಲ ಅದನ್ನು ನಡುವೆಯೇ ರದ್ದು ಮಾಡಿದರು. ನೂರಾರು ಓಟಗಾರರು ಕಾಣೆ ಅಂತ ಟಿವಿಯಲ್ಲಿ ಸುದ್ದಿ ಓಡ್ತಿತ್ತು. ಓಟಗಾರರು ಬೆಟ್ಟದ ಮೇಲೆ ಟೆಂಟಿನಲ್ಲಿ, ಕೊಟ್ಟಿಗೆಗಳಲ್ಲಿ ರಾತ್ರಿ ಕಳೆದು ಬೆಳಗ್ಗೆ ಇಳಿದು ಬಂದರು. ಬ್ಯಾಗಿನಲ್ಲಿ ಹೊತ್ತಿದ್ದ ಆ ಕಡ್ಡಾಯ ಸಾಮಾನು ಇರೋದೇ ಇಂಥ ರಾತ್ರಿಗೆ.

ಕೊನೆಗೆ ಒಬ್ಬರ ಕತೆ ಹೇಳದೆ ಮುಗಿಸೋಕೆ ಮನಸ್ಸಿಲ್ಲ. ಜಾಸ್ ನೇಯ್ಲರ್, ವಾಸ್‌ಡೇಲ್‌ನ ಕುರಿ ಸಾಕೋ ರೈತ, ಹುಟ್ಟಿದ್ದು 1936. ಹರೆಯದಲ್ಲೇ ಬೆನ್ನಿಗೂ ಮಂಡಿಗೂ ಆಪರೇಷನ್ ಆಗಿತ್ತು. 1960ರಲ್ಲಿ ಮೊದಲ ಓಟ ಓಡಿದ್ದು ಕೆಲಸದ ಬೂಟಿನಲ್ಲೇ. 1975ರಲ್ಲಿ ಇದೇ ಮನುಷ್ಯ 23 ಗಂಟೆ 20 ನಿಮಿಷದಲ್ಲಿ 72 ಶಿಖರ ಮುಟ್ಟಿದರು. ಗ್ರಹಾಂ 42 ಮಾಡಿದ ಅದೇ ನಾಡಿನಲ್ಲಿ, ಹತ್ತಿರ ಹತ್ತಿರ ನೂರು ಮೈಲಿ, 11,000 ಮೀಟರಿಗೂ ಹೆಚ್ಚು ಏರು. ಸೂತ್ರಕ್ಕೆ ಹಾಕಿದ್ರೆ ಒಂದೇ ದಿನದಲ್ಲಿ 250 ಕಿಲೋಮೀಟರ್ ಆಸುಪಾಸು ಬರುತ್ತೆ. 1986ರಲ್ಲಿ, 50ನೇ ವಯಸ್ಸಿಗೆ, ಲೇಕ್ ಡಿಸ್ಟ್ರಿಕ್ಟ್‌ನ 214 ವೇನ್‌ರೈಟ್ ಬೆಟ್ಟಗಳನ್ನು 7 ದಿನ 1 ಗಂಟೆ 25 ನಿಮಿಷದಲ್ಲಿ ಸುತ್ತಿದರು. ಆ ದಾಖಲೆ ಮುರಿಯೋಕೆ 2014 ಬರಬೇಕಾಯ್ತು.

ಇಷ್ಟಕ್ಕೂ ಅವರು ವೃತ್ತಿಪರ ಅಥ್ಲೀಟ್ ಅಲ್ಲ. ಓಡಿ ಬಂದ ಮೇಲೆ ಕುರಿಗಳು ಕಾಯ್ತಾ ಇರ್ತಿದ್ದವು. 2006ರಲ್ಲಿ 70 ವರ್ಷ ತುಂಬಿದಾಗ ವಯಸ್ಸಿಗೊಂದರಂತೆ 70 ಶಿಖರ ಅಂತ ಹೊರಟು, 50 ಮೈಲಿಗೂ ಹೆಚ್ಚು ದೂರವನ್ನು 21 ಗಂಟೆಯೊಳಗೆ ಮುಗಿಸಿದರು. 2024ರ ಜೂನ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಸೂತ್ರದ ಪ್ರಕಾರ ಅವರ 70 ಶಿಖರಗಳ ಓಟ ಗ್ರಹಾಂ ಸುತ್ತಿಗಿಂತ ಚಿಕ್ಕದು. 70ರ ಮಂಡಿಗಳ ಮೇಲೆ ಅದು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕೋಕೆ ನೈಸ್ಮಿತ್ ಏನೂ ಬಿಟ್ಟು ಹೋಗಿಲ್ಲ.