ಮಾಯಿಯ ಒರಳು, ತವರಿನ ಮೆಣಸಿನಕಾಯಿ

ಕುಂದಗೋಳದ ಕನ್ನಡ ಮನೆಯಿಂದ ಕಲಘಟಗಿಯ ಕೊಂಕಣಿ ಮನೆಗೆ ನಾನು ಸೊಸೆಯಾಗಿ ಬಂದದ್ದು ಎರಡೂ ಕಡೆಯವರಿಗೆ ಮನಸ್ಸಿರಲಿಲ್ಲ. ಅಪ್ಪ ಎರಡು ವರ್ಷ ಮಾತು ಬಿಟ್ಟರು. ಅತ್ತೆ, ಅಂದರೆ ಎಲ್ಲರ ಬಾಯಲ್ಲೂ ಮಾಯಿ, ಮಾತು ಬಿಡಲಿಲ್ಲ, ಒಲೆಯನ್ನೂ ಬಿಟ್ಟುಕೊಡಲಿಲ್ಲ. ನಾನು ಮಾಡಿದ ಬ್ಯಾಳಿ ಸಾರಿನ ರುಚಿ ನೋಡಿ, "ಕಾಯಿ ಹಾಕದ್ದನ್ನ ಹೆಂಗ ಉಣ್ತೀರವಾ ನೀವು?" ಎಂದರು. ನನಗೋ ಅವರ ಕೊದ್ದೆಲ್‌ಗೆ ಬೀಳುವ ಬೆಳ್ಳುಳ್ಳಿ ಒಗ್ಗರಣೆಯೇ ಗಂಟಲಲ್ಲಿ ಇಳಿಯದು. ನಮ್ಮ ತವರಿನ ಅಡುಗೆಮನೆಯ ಹೊಸ್ತಿಲನ್ನು ಬೆಳ್ಳುಳ್ಳಿ ದಾಟಿದ್ದೇ ಇಲ್ಲ.

ಒಂದು ದಿನ ಮಾಯಿ ಒಣ ಮೆಣಸಿನಕಾಯಿಯನ್ನು ನಾಲ್ಕು ಹನಿ ಎಣ್ಣೆಯಲ್ಲಿ ಹುರಿದು, ಹಸಿ ಕಾಯಿತುರಿ, ಹುಣಸೆಹಣ್ಣಿನ ಜೊತೆ ಒರಳಿಗೆ ಹಾಕಿದರು. ರುಬ್ಬಿದ್ದು ಕುಂಕುಮದಂತೆ ಕೆಂಪಾಯಿತು. ಖಾರ ಮಾತ್ರ ಹಿತ. ಸುಕ್ಕುಸುಕ್ಕಾದ ಆ ಕಾಯಿಯ ಗುರುತು ನನಗೆ ಹತ್ತದೆ ಇದ್ದೀತೆ? ನಮ್ಮ ಎರಿ ಹೊಲದಲ್ಲಿ ಹತ್ತಿ, ಉಳ್ಳಾಗಡ್ಡಿಗಳ ನಡುವೆ ಮಳೆಯನ್ನೇ ನಂಬಿ ಬೆಳೆಯುವ ಬ್ಯಾಡಗಿ ತಳಿ ಅದು.

"ಇದು ನಮ್ಮೂರ ಕಡೀದು" ಎಂದೆ.

"ಕುಮಟಾದಾಗ ನಮ್ಮಮ್ಮನೂ ಇದನ್ನೇ ಅರೀತಿದ್ದಳು" ಎಂದರು ಮಾಯಿ.

ನಮ್ಮ ಹೊಲದ ಕಾಯಿ ಸಮುದ್ರದಂಡೆಯ ಕುಮಟೆಗೆ ಹೋದದ್ದು ಗಾಡಿದಾರಿಯಲ್ಲಿ. 1880ರ ದಶಕದಲ್ಲಿ ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿಯ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎಂದೇ ಕರೆದರು. ಬೆಳೆದ ನಮ್ಮೂರಿಗೆ ಹೆಸರಿಲ್ಲ, ಹಡಗು ಹತ್ತಿಸಿದ ಊರಿಗೆ ಹೆಸರು! 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಕೈವಾಡವಿತ್ತು. ಕರಾವಳಿಯಿಂದ ಉಪ್ಪು, ತೆಂಗು ಘಟ್ಟ ಹತ್ತಿದವು. ಇಲ್ಲಿಂದ ಮೆಣಸಿನಕಾಯಿ ಇಳಿಯಿತು. ಕಲಘಟಗಿ ಇರುವುದೂ ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಕರಾವಳಿಗೆ ಹೋಗುವ ದಾರಿಯಲ್ಲಿಯೇ. ಮಾವನವರ ಅಜ್ಜ ಇಲ್ಲಿ ಕಿರಾಣಿ ಅಂಗಡಿ ಇಟ್ಟದ್ದು ಆ ದಾರಿಯನ್ನು ನಂಬಿ.

ಮೆಣಸಿನಕಾಯಿಯೂ ಈ ನಾಡಿನ ಮಗಳಲ್ಲ, ಸೊಸೆ. ಹುಟ್ಟಿದ್ದು ಅಮೆರಿಕದಲ್ಲಿ, 1510ರಲ್ಲಿ ಗೋವೆ ಹಿಡಿದ ಪೋರ್ತುಗೀಜರ ಕಾಲಕ್ಕೆ ನಮ್ಮ ಕಡೆ ಬಂದಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಏಳುವಾಗ ಊರ ಹೆಂಗಸರ ಕೈಗೆ ಖಾರಕ್ಕೆ ಸಿಗುತ್ತಿದ್ದದ್ದು ಕರಿಮೆಣಸು, ಶುಂಠಿ, ಹಿಪ್ಪಲಿ. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ರಾಜನ ಊಟದ ಎಷ್ಟೊಂದು ಅಡುಗೆಗಳಿವೆ; ಮೆಣಸಿನಕಾಯಿ ಹುಡುಕಿದರೂ ಇಲ್ಲ. ಬಂದ ಸೊಸೆ ಮನೆಯ ಹಿರಿಯಳ ಹೆಸರನ್ನೇ ಇಟ್ಟುಕೊಂಡಳು. ಕನ್ನಡದಲ್ಲಿ ಮೆಣಸಿನ ಕಾಯಿ. ಕೊಂಕಣಿಯ ಮಿರ್ಸಾಂಗ ಕೂಡ ಮಿರಿಯ, ಅಂದರೆ ಮೆಣಸಿನ, ಹೆಸರು ಹೊತ್ತದ್ದೇ. 2011ರಲ್ಲಿ ಬ್ಯಾಡಗಿ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಈಗ ಅವಳನ್ನು ಹೊರಗಿನವಳು ಎನ್ನುವವರು ಯಾರು?

ಮಾಯಿಯ ಮೊದಲ ಶ್ರಾದ್ಧಕ್ಕೆ ಅಡುಗೆಗೆ ನಾನೇ ನಿಂತೆ. ಅಭ್ಯಾಸಬಲದಿಂದ ಕೈ ಕೆಂಪು ಕಾಯಿಯ ಡಬ್ಬಿಗೆ ಹೋಯಿತು. ಮಾಯಿಯ ತಂಗಿ ತಟ್ಟನೆ ಹಿಡಿದುಕೊಂಡರು. "ಇವತ್ತು ಅದು ನಡಿಯೂದಿಲ್ಲ. ಮೆಣಸು ಹಾಕು."

ಕುಂದಗೋಳದಲ್ಲಿ ನಮ್ಮ ಅಜ್ಜಿಯೂ ಶ್ರಾದ್ಧಕ್ಕೆ ಮೆಣಸೇ ಕುಟ್ಟುತ್ತಿದ್ದಳು. ಬೆಳ್ಳುಳ್ಳಿ ತಿನ್ನುವ ಮನೆ, ತಿನ್ನದ ಮನೆ, ಎರಡರ ಹಿರಿಯರೂ ಪೋರ್ತುಗೀಜರು ಬರುವ ಮೊದಲಿನ ಅಡುಗೆಯನ್ನೇ ಉಣ್ಣುತ್ತಾರೆ. ಐನೂರು ವರ್ಷ ಬಾಳಿದ ಸೊಸೆಗೆ ಆ ಎಲೆಯ ಹತ್ತಿರ ಇನ್ನೂ ಕರೆಯಿಲ್ಲ. ನಾನು ಬಂದು ಇಪ್ಪತ್ತೇ ವರ್ಷ; ಮಾಯಿಯ ಎಲೆಗೆ ಬಡಿಸಿದವಳು ನಾನು.

ಮರುದಿನ ಅಪ್ಪ ಹೊಸ ಕಾಯಿಯ ಚೀಲ ಹಿಡಿದು ಬಂದರು. ಅದರಲ್ಲೇ ಒಂದು ಹಿಡಿ ಹುರಿದು, ಕಾಯಿ ಅರೆದು, ಮೊಳಕೆ ಹೆಸರಿನ ಕೊದ್ದೆಲ್ ಮಾಡಿದೆ. ಬೆಳ್ಳುಳ್ಳಿ ಎಂಟು ಎಸಳು, ಮಾಯಿ ಹಾಕುತ್ತಿದ್ದಷ್ಟೇ. ಒಗ್ಗರಣೆಗೆ ಮೊದಲು ಅಪ್ಪನಿಗೆಂದು ಒಂದು ಬಟ್ಟಲು ಬೇರೆ ತೆಗೆದಿಟ್ಟೆ.