ಹೋಲಿ ಟ್ರಿನಿಟಿ ಚರ್ಚ್, ಬ್ಲೈತ್‌ಬರ್ಗ್

ಹೋಲಿ ಟ್ರಿನಿಟಿ ಚರ್ಚ್ ಪೂರ್ವ ಇಂಗ್ಲೆಂಡಿನ ಸಫೋಕ್ ಕೌಂಟಿಗೆ ಸೇರಿದ ಬ್ಲೈತ್‌ಬರ್ಗ್ ಗ್ರಾಮದಲ್ಲಿರುವ ಮಧ್ಯಯುಗದ ಪ್ಯಾರಿಷ್ ಚರ್ಚು. ಊರಿನ ಹೆಸರನ್ನು ಸ್ಥಳೀಯರು 'ಬ್ಲೈಬ್ರ' ಎಂದು ಉಚ್ಚರಿಸುತ್ತಾರೆ. ಬ್ಲೈತ್ ನದಿಯ ಜೌಗು ಬಯಲಿನ ಅಂಚಿನಲ್ಲಿ ನಿಂತಿರುವ ಈ ಕಟ್ಟಡ ಬಹು ದೂರದಿಂದಲೇ ಕಾಣುವುದರಿಂದ ಇದಕ್ಕೆ 'ಜೌಗುನೆಲದ ಮಹಾದೇವಾಲಯ' ಎಂಬ ಅರ್ಥದ ಅಡ್ಡಹೆಸರಿದೆ. ಆದರೆ ಇದು ಬಿಷಪ್ಪರ ಪೀಠವಿರುವ ಕ್ಯಾಥೆಡ್ರಲ್ ಅಲ್ಲ. ಸಣ್ಣ ಊರೊಂದರ ಪ್ರಾರ್ಥನಾಮಂದಿರ ಮಾತ್ರ. ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳಲ್ಲಿ ಇದು ಮೊದಲ ದರ್ಜೆಯ ಪಟ್ಟಿಗೆ ಸೇರಿದೆ.

ಇತಿಹಾಸ

ಏಳನೆಯ ಶತಮಾನದಲ್ಲಿ ಸಮೀಪದ ಬಲ್ಕ್ಯಾಂಪ್‌ನಲ್ಲಿ ನಡೆದ ಯುದ್ಧದಲ್ಲಿ ಮಡಿದ ಪೂರ್ವ ಆಂಗ್ಲರ ದೊರೆ ಅನ್ನನ ದೇಹವನ್ನು ಇಲ್ಲಿ ಹೂಳಲಾಯಿತೆಂಬ ಪ್ರತೀತಿಯಿದೆ. ಮಧ್ಯಯುಗದಲ್ಲಿ ಊರಿಗೆ ಸಂತೆಯೂ ನದಿಯ ಬಂದರೂ ಇದ್ದವು. ಅಗಸ್ಟೀನಿಯನ್ ಸನ್ಯಾಸಿಗಳ ಮಠವೊಂದೂ ಇತ್ತು. 1412ರಲ್ಲಿ ನಾಲ್ಕನೆಯ ಹೆನ್ರಿ ಹೊಸ ಚರ್ಚನ್ನು ಕಟ್ಟಲು ಈ ಸನ್ಯಾಸಿಗಳಿಗೆ ಅನುಮತಿ ನೀಡಿದನು. ಹದಿನಾಲ್ಕನೆಯ ಶತಮಾನದ ಗೋಪುರವನ್ನು ಹಾಗೆಯೇ ಉಳಿಸಿಕೊಂಡು ಉಳಿದ ಭಾಗವನ್ನು ಹದಿನೈದನೆಯ ಶತಮಾನದುದ್ದಕ್ಕೂ ಕಟ್ಟಲಾಯಿತು. ಆದರೆ ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಬರುವುದು ನಿಂತಿತು. 1537ರಲ್ಲಿ ಎಂಟನೆಯ ಹೆನ್ರಿಯ ಕಾಲದ ಮಠನಾಶದಲ್ಲಿ ಇಲ್ಲಿನ ಮಠವೂ ಮುಚ್ಚಿತು. ಊರು ಕುಗ್ಗಿತು, ಚರ್ಚು ಮಾತ್ರ ಅದೇ ಗಾತ್ರದಲ್ಲಿ ಉಳಿಯಿತು.

1577ರ ಆಗಸ್ಟ್ 4ರ ಭಾನುವಾರ ಜನರು ಪ್ರಾರ್ಥನೆಗೆ ಸೇರಿದ್ದಾಗ ಭೀಕರ ಬಿರುಗಾಳಿ ಬೀಸಿ ಸಿಡಿಲು ಬಡಿಯಿತು. ಗೋಪುರದ ಚೂಪು ಶಿಖರ ಕುಸಿಯಿತು. ಒಬ್ಬ ಗಂಡಸು ಮತ್ತು ಒಬ್ಬ ಹುಡುಗ ಸತ್ತರು. ಅಂದು ಕರಿಯ ನಾಯಿಯ ರೂಪದಲ್ಲಿ ಸೈತಾನನೇ ಒಳನುಗ್ಗಿದನೆಂದೂ ಉತ್ತರ ಬಾಗಿಲಿನ ಮೇಲಿರುವ ಸುಟ್ಟ ಗುರುತುಗಳು ಅದರ ಉಗುರಿನವೆಂದೂ ಜನಪದ ಕಥೆ ಹೇಳುತ್ತದೆ. ಅದೇ ದಿನ ಬಂಗೇ ಪಟ್ಟಣದ ಚರ್ಚಿನಲ್ಲೂ ಇಂತಹದೇ ಅನಾಹುತವಾಗಿದ್ದು, ಅಬ್ರಹಾಂ ಫ್ಲೆಮಿಂಗ್ ಅದೇ ವರ್ಷ ಬರೆದ ಕಿರುಹೊತ್ತಿಗೆ ನಾಯಿಯ ಕಥೆಯನ್ನು ಪ್ರಚಾರ ಮಾಡಿತು.

ವಾಸ್ತುಶೈಲಿ

ಕಟ್ಟಡ ಪರ್ಪೆಂಡಿಕ್ಯುಲರ್ ಗಾತಿಕ್ ಶೈಲಿಯದು. ನೇರ ಗೆರೆಗಳು, ಎತ್ತರದ ಕಿಟಕಿಗಳು, ತೆಳುವಾದ ಕಂಬಗಳು ಇದರ ಲಕ್ಷಣ. ಉದ್ದ ಸುಮಾರು 127 ಅಡಿ. ಈ ಪ್ರದೇಶದಲ್ಲಿ ಒಳ್ಳೆಯ ಕಟ್ಟಡದ ಕಲ್ಲು ಸಿಗದು. ಆದ್ದರಿಂದ ಗೋಡೆಗಳನ್ನು ಚಕಮಕಿ ಕಲ್ಲಿನಿಂದ ಕಟ್ಟಿ, ಒಡೆದ ಕಪ್ಪು ಚಕಮಕಿ ಮತ್ತು ಬಿಳಿಯ ಕಲ್ಲನ್ನು ಸಮತಲವಾಗಿ ಜೋಡಿಸಿ ಅಕ್ಷರ ಹಾಗೂ ಚಿತ್ತಾರಗಳನ್ನು ಮೂಡಿಸಿದ್ದಾರೆ. ನಡುಹಜಾರದ ಗೋಡೆಯ ಮೇಲ್ಭಾಗದಲ್ಲಿ ಎರಡೂ ಬದಿಗೆ ತಲಾ 18 ಕಿಟಕಿಗಳಿವೆ. ನಡುಹಜಾರಕ್ಕೂ ಬಲಿಪೀಠದ ಭಾಗಕ್ಕೂ ಮಧ್ಯೆ ಕಮಾನಿನ ಅಡ್ಡಗೋಡೆಯಿಲ್ಲ. ಹೀಗಾಗಿ ಒಳಗೆ ಕಾಲಿಟ್ಟವನ ದೃಷ್ಟಿ ಒಂದೇ ಓಟದಲ್ಲಿ ಪೂರ್ವದ ಕಿಟಕಿಯನ್ನು ತಲುಪುತ್ತದೆ.

ಬೆಂಚುಗಳ ತುದಿಯಲ್ಲಿ ಕೆತ್ತಿರುವ ಚಿಕ್ಕ ವಿಗ್ರಹಗಳು ಉಪದೇಶವನ್ನು ನಗೆಯೊಡನೆ ಬೆರೆಸುತ್ತವೆ. ಹೊಟ್ಟೆಬಾಕ ತನ್ನ ಡೊಳ್ಳುಹೊಟ್ಟೆಯನ್ನು ಹಿಡಿದಿದ್ದಾನೆ. ಸೋಮಾರಿ ಹಾಸಿಗೆಯಲ್ಲೇ ಇದ್ದಾನೆ. ಬಲಿಪೀಠದ ಭಾಗದ ಕೆತ್ತನೆಯ ಆಸನಗಳು ಒಂದು ಕಾಲದಲ್ಲಿ ಶಾಲೆಯ ಮೇಜುಗಳಾಗಿ ಬಳಕೆಯಾಗಿದ್ದು, 1665ರಲ್ಲಿ ಡಿರ್ಕ್ ಲೋವರ್ಸನ್ ಎಂಬ ಬಾಲಕ ಅಲ್ಲಿ ತನ್ನ ಹೆಸರನ್ನು ಕೊರೆದಿದ್ದಾನೆ. ಬೆಂಚಿನ ಮೇಲೆ ಹೆಸರು ಕೊರೆಯುವುದು ವಿದ್ಯಾರ್ಥಿಗಳ ಇಂದಿನ ಅಭ್ಯಾಸವೇನಲ್ಲ. ಪೂಜೆಯ ಆರಂಭಕ್ಕೆ ಗಂಟೆ ಬಡಿಯುವ ಮರದ ಯಂತ್ರಬೊಂಬೆಯ ಮೇಲೆ 1682ರ ಇಸವಿಯಿದೆ.

ಛಾವಣಿಯ ದೇವದೂತರು

ಚರ್ಚಿನ ಅತ್ಯಂತ ಪ್ರಸಿದ್ಧ ಭಾಗವೆಂದರೆ ಬಣ್ಣ ಬಳಿದ ಮರದ ಛಾವಣಿ. ಅದರ ತೊಲೆಗಳ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ರೆಕ್ಕೆ ಹರಡಿರುವ ಜೋಡಿ ದೇವದೂತರ ಮೂರ್ತಿಗಳಿವೆ. ಮೂಲ ಬಣ್ಣ ಮಸುಕಾಗಿ ಉಳಿದಿದೆ. 1644ರ ಏಪ್ರಿಲ್‌ನಲ್ಲಿ ಪ್ಯೂರಿಟನ್ ಪಂಥದ ವಿಲಿಯಂ ಡೌಸಿಂಗ್ ಬಂದು ಇಪ್ಪತ್ತು ದೇವದೂತರನ್ನು ಕೆಳಗಿಳಿಸಲು ಆದೇಶಿಸಿದನು. ಆದೇಶ ಪೂರ್ಣವಾಗಿ ಜಾರಿಯಾಗಲಿಲ್ಲ ಎಂಬುದಕ್ಕೆ ಇಂದೂ ತಲೆಯೆತ್ತಿದರೆ ಸಾಕ್ಷಿ ಸಿಗುತ್ತದೆ. ಮೂರ್ತಿಗಳಲ್ಲಿ ನೆಟ್ಟಿದ್ದ ಸೀಸದ ಗುಂಡುಗಳನ್ನು ಡೌಸಿಂಗನ ಜನರೇ ಹಾರಿಸಿದರೆಂದು ಬಹುಕಾಲ ನಂಬಲಾಗಿತ್ತು. ಆದರೆ ಚರ್ಚಿನ ಲೆಕ್ಕಪುಸ್ತಕದಲ್ಲಿ 1761ರಲ್ಲಿ ಜಾಕ್‌ಡಾ ಎಂಬ ಕಾಗೆಯ ಜಾತಿಯ ಹಕ್ಕಿಗಳನ್ನು ಹೊಡೆಯಲು ಹಣ ಕೊಟ್ಟ ಉಲ್ಲೇಖವಿದೆ. ಗುಂಡುಗಳೂ ಹದಿನೆಂಟನೆಯ ಶತಮಾನದವೆಂದು ಕಂಡುಬಂದಿದೆ. ದೇವದೂತರಿಗೆ ಪೆಟ್ಟಾದದ್ದು ಮತದ್ವೇಷದಿಂದಲ್ಲ, ಹಕ್ಕಿಗಳ ಕಾಟದಿಂದ ಎಂದಾಯಿತು. ಆದರೂ ಹಳೆಯ ಕಥೆಯೇ ಹೆಚ್ಚು ಪ್ರಚಾರದಲ್ಲಿದೆ.

ಜೀರ್ಣೋದ್ಧಾರ

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಕಟ್ಟಡ ಶಿಥಿಲವಾಗಿ, ಪ್ರಾರ್ಥನೆಗೆ ಬಂದವರು ಮಳೆಯಲ್ಲಿ ಕೊಡೆ ಹಿಡಿದು ಕೂರುತ್ತಿದ್ದರೆಂಬ ಮಾತಿದೆ. 1881ರಲ್ಲಿ ಇದನ್ನು ಅಪಾಯಕಾರಿಯೆಂದು ಮುಚ್ಚಲಾಯಿತು. ದುರಸ್ತಿ ಹೇಗಿರಬೇಕೆಂಬ ವಿವಾದದಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಪಾಲ್ಗೊಂಡಿತು. ಹಳೆಯದನ್ನು ಕಿತ್ತು ಮಧ್ಯಯುಗದಂತೆ ಕಾಣುವ ಹೊಸದನ್ನು ಕೂರಿಸುವುದು ಆ ಕಾಲದ ರೂಢಿ. ಬಿದ್ದುಹೋಗದಂತೆ ಭದ್ರಪಡಿಸಿದರೆ ಸಾಕು ಎಂಬುದು ಸಂಘದ ನಿಲುವು. ಅನುಕೂಲಸ್ಥ ಪ್ಯಾರಿಷ್‌ಗಳ ಅನೇಕ ಚರ್ಚುಗಳು ನವೀಕರಣದ ಭರದಲ್ಲಿ ಹಳೆಯ ಮೈಯನ್ನು ಕಳೆದುಕೊಂಡವು. ಬ್ಲೈತ್‌ಬರ್ಗಿನ ಮಸುಕು ಛಾವಣಿ ಉಳಿಯಲು ಸಂಘದ ಹಟದಷ್ಟೇ ಊರಿನ ಬಡತನವೂ ಕಾರಣವೆನ್ನಬೇಕು.

1969ರಲ್ಲಿ ಸಮೀಪದ ಸ್ನೇಪ್ ಸಂಗೀತಭವನ ಬೆಂಕಿಗೆ ಆಹುತಿಯಾದಾಗ ಆಲ್ಡೆಬರ್ಗ್ ಸಂಗೀತೋತ್ಸವದಲ್ಲಿ ನಡೆಯಬೇಕಿದ್ದ ಮೊಟ್ಸಾರ್ಟನ 'ಇಡೊಮೆನಿಯೊ' ಗೀತನಾಟಕವನ್ನು ಈ ಚರ್ಚಿಗೆ ಸ್ಥಳಾಂತರಿಸಲಾಯಿತು. ಪ್ಯಾರಿಷ್ ಪ್ರಾರ್ಥನೆಗಳು ಇಲ್ಲಿ ಈಗಲೂ ನಡೆಯುತ್ತವೆ.